ಹಿಡಿಯ ಹದ

ಚಾಕು ಕೊಳ್ಳಲು ಅಂಗಡಿಗೆ ಹೋದವರು ಮೊದಲು ಮಾಡುವ ಕೆಲಸವೆಂದರೆ ಅದರ ಬಾಯಿಯ ಮೇಲೆ ಹೆಬ್ಬೆರಳನ್ನು ಮೆಲ್ಲಗೆ ಅಡ್ಡ ಆಡಿಸಿ ನೋಡುವುದು. ಹರಿತವಾಗಿದ್ದರೆ ಸಂತೋಷ, ಇಲ್ಲದಿದ್ದರೆ ಅಂಗಡಿಯವನೊಡನೆ ವಾಗ್ವಾದ. ಹಿಡಿಯನ್ನು ಗಮನಿಸುವವರು ವಿರಳ. ಹಿಡಿಯೆಂಬುದು ಮದುವೆಯ ದಿಬ್ಬಣದಲ್ಲಿ ವರನ ಹಿಂದೆ ಬರುವ ದೂರದ ನೆಂಟನಿದ್ದಂತೆ. ಅದಕ್ಕೆ ಒಂದು ನಮಸ್ಕಾರ ಹಾಕಿ ಮುಂದೆ ಹೋದರೆ ಸಾಕೆಂದು ಲೋಕದ ಅಭಿಪ್ರಾಯ. ಮೈಸೂರಿನ ಹಳೆಯ ಬಡಾವಣೆಯೊಂದರಲ್ಲಿ ವಾಸವಾಗಿರುವ ನಿವೃತ್ತ ವಿಜ್ಞಾನದ ಮೇಷ್ಟರೊಬ್ಬರ ಅಭಿಪ್ರಾಯವೂ ಮೊನ್ನೆ ಮೊನ್ನೆಯವರೆಗೆ ಇದೇ ಆಗಿತ್ತು.

ಮೇಷ್ಟರ ಮನೆಯ ಹಿತ್ತಲಿನಲ್ಲಿ ಹಿಂದೆ ಸೌದೆ ಒಟ್ಟುತ್ತಿದ್ದ ಒಂದು ಕೋಣೆಯಿದೆ. ಮನೆಗೆ ಗ್ಯಾಸ್ ಒಲೆ ಬಂದ ಮೇಲೆ ಅದು ಬಹುಕಾಲ ಜೇಡರ ಬಲೆಗಳ ವಶದಲ್ಲಿತ್ತು. ನಿವೃತ್ತಿಯಾದ ವರ್ಷ ಮೇಷ್ಟರು ಅದನ್ನು ಗುಡಿಸಿ, ಒಂದು ಮರದ ಮೇಜು, ಅದಕ್ಕೆ ಬಿಗಿದ ವೈಸು, ನಾಲ್ಕಾರು ಅರಗಳು, ರಂಧ್ರ ಕೊರೆಯುವ ಯಂತ್ರ ಇವುಗಳನ್ನು ಹೂಡಿದರು. ಮೂಲೆಯಲ್ಲಿ ಇಟ್ಟಿಗೆ ಜೋಡಿಸಿ ಪುಟ್ಟದೊಂದು ಕುಲುಮೆಯನ್ನೂ ಕಟ್ಟಿದರು. ತಿದಿಯ ಸ್ಥಾನದಲ್ಲಿ ಕುಳಿತದ್ದು ಸೊಸೆ ಬಿಸುಟಿದ್ದ, ಕೂದಲು ಒಣಗಿಸುವ ಹಳೆಯ ಯಂತ್ರ. ಮೂವತ್ತು ವರ್ಷಗಳ ಕಾಲ ಕಪ್ಪು ಹಲಗೆಯ ಮೇಲೆ ಕಬ್ಬಿಣದ ಗುಣಧರ್ಮಗಳನ್ನು ಬರೆದು ಅಳಿಸಿದವರು, ಕೆಂಪಗೆ ಕಾದ ಕಬ್ಬಿಣವನ್ನು ಇಕ್ಕಳದಲ್ಲಿ ಹಿಡಿದದ್ದು ಅರವತ್ತು ತುಂಬಿದ ಮೇಲೆ.

ಈ ಹವ್ಯಾಸವನ್ನು ಕಂಡು ನಕ್ಕವರಿಗೆ ಮೇಷ್ಟರ ಬಳಿ ಉತ್ತರ ಸಿದ್ಧವಾಗಿತ್ತು. ಉಕ್ಕು ನಮ್ಮ ನಾಡಿನ ವಿದ್ಯೆ. ಪಾಶ್ಚಾತ್ಯರು ‘ವೂಟ್ಸ್’ ಎಂದು ಕರೆದ ಪ್ರಸಿದ್ಧ ಉಕ್ಕಿನ ಹೆಸರು ಕನ್ನಡದ ‘ಉಕ್ಕು’ ಎಂಬ ಮಾತಿನಿಂದಲೇ ಬಂದಿರಬೇಕೆಂದು ಅನೇಕ ವಿದ್ವಾಂಸರ ಮತ. 1795ರಲ್ಲಿ ಜಾರ್ಜ್ ಪಿಯರ್ಸನ್ ಎಂಬಾತ ಅದನ್ನು ಪರೀಕ್ಷಿಸಿ ಲಂಡನ್ನಿನ ರಾಯಲ್ ಸೊಸೈಟಿಗೆ ಪ್ರಬಂಧ ಒಪ್ಪಿಸಿದ. 1800–01ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್, ಮಣ್ಣಿನ ಮೂಸೆಯೊಳಗೆ ಕಬ್ಬಿಣದ ತುಂಡಿನೊಡನೆ ತಂಗಡಿಯ ಕಡ್ಡಿಯನ್ನಿಟ್ಟು ಉಕ್ಕು ಮಾಡುತ್ತಿದ್ದ ಕ್ರಮವನ್ನು ತನ್ನ ಪ್ರವಾಸಗ್ರಂಥದಲ್ಲಿ ವರ್ಣಿಸಿದ. ಮಹಾವಿಜ್ಞಾನಿ ಮೈಕೆಲ್ ಫ್ಯಾರಡೆಯೂ ಸ್ಟೊಡಾರ್ಟ್ ಎಂಬ ಚಾಕು ತಯಾರಕನೊಡಗೂಡಿ ಈ ಉಕ್ಕಿನ ಮರ್ಮವನ್ನು ಭೇದಿಸಲು ಹೆಣಗಿ, 1820ರಲ್ಲಿ ತಮ್ಮ ಪ್ರಯೋಗಗಳನ್ನು ಪ್ರಕಟಿಸಿದ. ಇಷ್ಟನ್ನು ಹೇಳುವಷ್ಟರಲ್ಲಿ ಬಂದವರ ಕಾಫಿ ಆರಿರುತ್ತಿತ್ತು. ಅಲಗಿನ ಈ ಪುರಾಣದಲ್ಲಿ ಹಿಡಿಯ ಪ್ರಸ್ತಾಪ ಒಮ್ಮೆಯೂ ಬರುತ್ತಿರಲಿಲ್ಲ.

ಆ ಪ್ರಸ್ತಾಪವನ್ನು ತಂದದ್ದು ಅಡಿಗೆಮನೆ.

ಮೇಷ್ಟರ ಹೆಂಡತಿ ಮದುವೆಯಾಗಿ ಬಂದ ದಿನದಿಂದ ತರಕಾರಿ ಹೆಚ್ಚಿದ್ದು ಈಳಿಗೆಮಣೆಯ ಮೇಲೆ. ಈಳಿಗೆಮಣೆಗೆ ಹಿಡಿಯೇ ಇಲ್ಲ. ಮಣೆಯನ್ನು ಪಾದ ಅದುಮಿ ಹಿಡಿದರೆ ಅಲಗು ಕದಲದೆ ನಿಲ್ಲುತ್ತದೆ. ಎರಡು ಕೈಗಳೂ ತರಕಾರಿಗೇ ಮೀಸಲು. ಹುರುಳಿಕಾಯಿಯ ಒಂದು ಹಿಡಿಯನ್ನು ಅಲಗಿಗೆ ಒತ್ತಿ ಆಕೆ ಸರಸರನೆ ಹೆಚ್ಚುತ್ತಿದ್ದರೆ, ಕೆಳಗಿನ ತಟ್ಟೆಯಲ್ಲಿ ಮಣಿಮಣಿಯಾದ ಹಸಿರು ರಾಶಿ ಬೀಳುತ್ತಿತ್ತು. ಆದರೆ ಮಂಡಿನೋವು ಬಂದು, ನೆಲದ ಮೇಲೆ ಕೂರಬಾರದೆಂದು ವೈದ್ಯರು ವಿಧಿಸಿದ ಮೇಲೆ ಈಳಿಗೆಮಣೆ ಅಟ್ಟ ಸೇರಿತು. ಅಡಿಗೆಯ ಕಟ್ಟೆಯ ಮುಂದೆ ನಿಂತು ಚಾಕುವಿನಲ್ಲಿ ಹೆಚ್ಚುವುದು ಅನಿವಾರ್ಯವಾಯಿತು. ಅಷ್ಟರಲ್ಲಿ ನೋವು ಮಂಡಿಯಿಂದ ಬೆರಳಿನ ಗೆಣ್ಣುಗಳಿಗೂ ಬಂದಿತ್ತು.

ಆಕೆ ದೂರಲಿಲ್ಲ. ಮೇಷ್ಟರಿಗೆ ವಿಷಯ ತಿಳಿದದ್ದು ಊಟದ ಎಲೆಯಿಂದ. ಎರಡು ವಾರಗಳಿಂದ ಪಲ್ಯವೆಂದರೆ ಕೈಯಿಂದಲೇ ಬಿಡಿಸಬಹುದಾದ ಸೊಪ್ಪು. ಹುಳಿಯೆಂದರೆ ಇಡಿಯಾಗಿ ಹಾಕಿದ ಸಾಂಬಾರು ಈರುಳ್ಳಿ. ಅದೂ ಇಲ್ಲದ ದಿನ ಬೇಳೆಯ ತೊವ್ವೆ. ಹುರುಳಿಕಾಯಿ, ಸೌತೆಕಾಯಿ, ಬಾಳೆಕಾಯಿ ಇವೆಲ್ಲ ಯಾವುದೋ ಊರಿಗೆ ವರ್ಗವಾಗಿ ಹೋದಂತಿತ್ತು. ಒಂದು ಬೆಳಿಗ್ಗೆ ಅಡಿಗೆಮನೆಯ ಬಾಗಿಲಲ್ಲಿ ಸೊಸೆಯ ಮಾತು ಕಿವಿಗೆ ಬಿತ್ತು: “ನೀವು ಬಿಡಿ ಅತ್ತೆ, ಇನ್ನು ಮೇಲೆ ಹೆಚ್ಚೋದೆಲ್ಲ ನಾನೇ ಮಾಡ್ತೀನಿ. ನೀವು ಸುಮ್ಮನೆ ಕೂತಿರಿ.” ಸೊಸೆ ಹೇಳಿದ್ದು ಅಕ್ಕರೆಯಿಂದಲೇ. ಅತ್ತೆ ನಕ್ಕದ್ದೂ ಉಂಟು. ಆದರೆ ‘ಸುಮ್ಮನೆ ಕೂತಿರಿ’ ಎಂಬ ಮಾತನ್ನು ತಮ್ಮ ಬೀಳ್ಕೊಡುಗೆ ಸಮಾರಂಭದಲ್ಲಿ ಮೇಷ್ಟರೂ ಕೇಳಿದ್ದವರು. ಆ ನಗೆಯ ಅರ್ಥ ಅವರಿಗೆ ತಿಳಿಯಿತು.

ಅಂದೇ ಅವರು ಹಿತ್ತಲಿನ ಕೋಣೆಗೆ ಹೋಗಿ, ಮರ ಕೊಯ್ಯುವ ಕಾರ್ಖಾನೆಯಿಂದ ತಂದಿಟ್ಟಿದ್ದ ಸವೆದ ಗರಗಸದ ಪಟ್ಟಿಯನ್ನು ಹೊರತೆಗೆದರು. ಅದು ತೆಳುವಾದ, ಅಗಲವಾದ ಒಳ್ಳೆಯ ಉಕ್ಕು. ಮೊದಲು ಅದನ್ನು ಕೆಂಪಗೆ ಕಾಯಿಸಿ, ಬೂದಿಯಲ್ಲಿ ಹೂತು, ರಾತ್ರಿಯಿಡೀ ತಾನಾಗಿ ಆರಲು ಬಿಟ್ಟರು. ಹೀಗೆ ನಿಧಾನವಾಗಿ ಆರಿದ ಉಕ್ಕು ಮೆದುವಾಗಿ ಅರಕ್ಕೆ ಬಗ್ಗುತ್ತದೆ. ಮರುದಿನ ಅಲಗಿನ ಆಕಾರವನ್ನು ಕತ್ತರಿಸಿ, ಅಂಚನ್ನು ಉಜ್ಜಿ, ಹಿಡಿ ಕೂರುವ ಬಾಲದಲ್ಲಿ ಎರಡು ರಂಧ್ರಗಳನ್ನು ಕೊರೆದರು. ಹದ ಕೊಟ್ಟ ಮೇಲೆ ಕೊರೆಯಲು ಹೋಗಿ ಮೂರು ಕೊರೆಮೊಳೆಗಳನ್ನು ಮುರಿದುಕೊಂಡ ಹಿಂದಿನ ಅನುಭವ ಅವರಿಗಿತ್ತು.

ಅನಂತರದ್ದು ಹದ. ಕಾದ ಉಕ್ಕಿಗೆ ಆಗಾಗ ಅಯಸ್ಕಾಂತವನ್ನು ತಾಗಿಸಿ ನೋಡಬೇಕು. ಸುಮಾರು 770 ಡಿಗ್ರಿ ಸೆಂಟಿಗ್ರೇಡಿನಲ್ಲಿ ಅದು ಅಂಟುವುದನ್ನು ಬಿಡುತ್ತದೆ. ಅಲ್ಲಿಂದ ತುಸು ಮೇಲೆ ಹೋದೊಡನೆ ಅಲಗನ್ನು ತೆಗೆದು ಅದ್ದಬೇಕು. ಮೊದಲ ಅಲಗನ್ನು ಮೇಷ್ಟರು ಅವಸರದಲ್ಲಿ ನೀರಿಗೆ ಅದ್ದಿದರು. ‘ಟಿಣ್’ ಎಂಬ ಸಣ್ಣ ಸದ್ದು. ಬಾಯಿಯಿಂದ ಬೆನ್ನಿನವರೆಗೆ ಕೂದಲೆಳೆಯಂಥ ಬಿರುಕು. ಎರಡನೆಯದನ್ನು ಬೆಚ್ಚಗಿನ ಕಡಲೆಕಾಯಿ ಎಣ್ಣೆಯಲ್ಲಿ ಅದ್ದಿದಾಗ ಅಲಗು ಉಳಿಯಿತು. ಅದರ ಮೇಲೆ ಅರ ಆಡಿಸಿದರೆ ಗಾಜಿನ ಮೇಲೆ ಆಡಿಸಿದಂತೆ ಜಾರಿತು. ಇಷ್ಟು ಗಡಸಾದ ಉಕ್ಕು ಗಾಜಿನಂತೆಯೇ ಒಡೆಯಲೂಬಲ್ಲುದು. ಆದ್ದರಿಂದ ಸೊಸೆಯ ಕೇಕಿನ ಓವನ್ನಿನಲ್ಲಿ ಸುಮಾರು 200 ಡಿಗ್ರಿಯಲ್ಲಿ ಎರಡು ಗಂಟೆ ಕಾಯಿಸಿ, ಒಣಹುಲ್ಲಿನ ತಿಳಿಹಳದಿ ಬಣ್ಣ ಮೂಡಿದ ಮೇಲೆ ಹೊರತೆಗೆದರು. ಸಾಣೆ ಹಿಡಿದ ಬಳಿಕ ಅದು ಕಾಗದವನ್ನು ಸದ್ದಿಲ್ಲದೆ ಸೀಳಿತು. ಬೀಟೆಯ ಎರಡು ತೆಳು ಹಲಗೆಗಳನ್ನು ಇಕ್ಕೆಲಕ್ಕೂ ಅಂಟಿಸಿ, ಹಿತ್ತಾಳೆಯ ಕಡ್ಡಿಗಳನ್ನು ತೂರಿಸಿ ಬಡಿದು, ಮುಖ ಕಾಣುವಂತೆ ಮೆರುಗು ಕೊಟ್ಟರು. ಅಂಥ ಚಾಕು ಅವರ ಕೈಯಿಂದ ಹಿಂದೆಂದೂ ಬಂದಿರಲಿಲ್ಲ.

ಹೆಂಡತಿ ಅದನ್ನು ಎತ್ತಿ ಹಿಡಿದು ಮೆಚ್ಚಿದರು. ಒಂದು ಸೌತೆಕಾಯಿ ಹೆಚ್ಚಿದರು. ಎರಡನೆಯದರ ಅರ್ಧಕ್ಕೆ ಬಂದಾಗ, ಒದ್ದೆಯಾದ ಕೈಯಲ್ಲಿ ನುಣುಪಾದ ಬೀಟೆ ಹೊರಳಿತು. ಗಾಯ ಆಳವಾಗಿರಲಿಲ್ಲ, ಎಡಗೈಯ ತೋರುಬೆರಳಿಗೆ ಅರಿಶಿನ ಮೆತ್ತಿ ಬಟ್ಟೆ ಸುತ್ತಿದ್ದಾಯಿತು. ಮೇಷ್ಟರು ಪೆಚ್ಚಾಗಿ ನಿಂತಿದ್ದುದನ್ನು ಕಂಡು ಆಕೆಯೇ ಸಮಾಧಾನ ಹೇಳಿದರು: “ನಿಮ್ಮ ಚಾಕು ಚೆನ್ನಾಗಿಯೇ ಇದೆ. ನನ್ನ ಕೈಯೇ ಚೆನ್ನಾಗಿಲ್ಲ.”

ಆ ರಾತ್ರಿ ಮೇಷ್ಟರಿಗೆ ನಿದ್ರೆ ಹತ್ತಲಿಲ್ಲ. ಪರೀಕ್ಷೆಯಲ್ಲಿ ಇಡೀ ತರಗತಿ ತಪ್ಪು ಉತ್ತರ ಬರೆದರೆ ದೋಷ ಪ್ರಶ್ನೆಪತ್ರಿಕೆಯದೆಂದು ಅವರೇ ಎಷ್ಟೋ ಬಾರಿ ವಾದಿಸಿದ್ದರು. ಈಗ ಒಂದು ಕೈ ತನ್ನನ್ನು ತಾನೇ ತಪ್ಪೆಂದುಕೊಳ್ಳುತ್ತಿತ್ತು.

ಮರುದಿನ ಅವರು ಊರಾಚೆ ಕುಡುಗೋಲು, ಮಚ್ಚು ಮಾಡುವ ಕಮ್ಮಾರನೊಬ್ಬನ ಕುಲುಮೆಯ ಮುಂದೆ ಹೋಗಿ ಕುಳಿತರು. ಕುಡುಗೋಲು ಕೇಳಲು ಬಂದ ರೈತನಿಗೆ ಆತ ಹಾಕಿದ ಮೊದಲ ಪ್ರಶ್ನೆ, “ಯಾರು ಕುಯ್ಯೋರು? ಎಡಗೈಯೋ, ಬಲಗೈಯೋ?” ಎಂಬುದು. ರೈತ ತನ್ನ ಹೆಂಡತಿಗೆಂದಾಗ, ರಾಶಿಯಲ್ಲಿದ್ದ ಹಿಡಿಗಳಲ್ಲಿ ಬೇರೊಂದನ್ನು ಹುಡುಕಿ ತೆಗೆದ. ಇದರಲ್ಲಿ ಆತನಿಗೆ ವಿಶೇಷವೇನೂ ಕಾಣಲಿಲ್ಲ; ದಿನವೂ ಕೇಳುವ ಪ್ರಶ್ನೆ. ಮೇಷ್ಟರಿಗೆ ಮಾತ್ರ ತಾವು ಅದನ್ನು ಕೇಳಿಯೇ ಇರಲಿಲ್ಲವೆಂಬುದು ಹೊಳೆಯಿತು. ಅವರು ಉಕ್ಕನ್ನು ಕೇಳಿದ್ದರು, ಬೆಂಕಿಯನ್ನು ಕೇಳಿದ್ದರು, ಅಯಸ್ಕಾಂತವನ್ನು ಕೇಳಿದ್ದರು.

ಮನೆಗೆ ಬಂದವರೇ ಬೀಟೆಯ ಹಿಡಿಯನ್ನು ಕಿತ್ತು, ಅಲಗಿನ ಬಾಯಿಗೆ ದಪ್ಪ ಬಟ್ಟೆ ಸುತ್ತಿ ಅಡಿಗೆಮನೆಗೆ ಹೋದರು. ಅಲ್ಲಿ ಚಪಾತಿಯ ಹಿಟ್ಟು ನಾದಿ ಇಟ್ಟಿತ್ತು.

“ಹೇಗಿದ್ದರೆ ನಿನಗೆ ಹಿಡಿಯೋಕ್ಕೆ ಸುಲಭ?”

“ಅದನ್ನ ಬಾಯಲ್ಲಿ ಹೇಗೆ ಹೇಳೋದು?” ಎಂದ ಆಕೆ ಒಂದು ಕ್ಷಣ ಯೋಚಿಸಿ, ದೊಡ್ಡದೊಂದು ಹಿಟ್ಟಿನ ಉಂಡೆ ತೆಗೆದು, ಉಕ್ಕಿನ ಬಾಲದ ಸುತ್ತ ಮೆತ್ತಿ, ತಮಗೆ ನೋವಾಗದಂತೆ ಹಿಡಿದರು. “ಹೀಗೆ ನೋಡಿ.”

ಕೈ ತೆಗೆದಾಗ ಹಿಟ್ಟಿನಲ್ಲಿ ಉತ್ತರ ಮೂಡಿತ್ತು. ಕಿರುಬೆರಳು, ಉಂಗುರಬೆರಳುಗಳು ಪೂರ್ತಿ ಮಡಿಸುತ್ತಿರಲಿಲ್ಲ. ಅವುಗಳ ಗುರುತು ಇದ್ದೂ ಇಲ್ಲದಂತಿತ್ತು. ಭಾರವೆಲ್ಲ ಅಂಗೈಯ ಬುಡದ ಮೇಲೆ. ಹೆಬ್ಬೆರಳು ಪಕ್ಕದಲ್ಲಿ ಒತ್ತದೆ ಮೇಲುಗಡೆ ಮಲಗಿತ್ತು. ಬೀಟೆಯ ಹಿಡಿ ಮುಕ್ಕಾಲು ಅಂಗುಲ ದಪ್ಪವಿತ್ತು. ಹಿಟ್ಟಿನ ಹಿಡಿ ನಡುವೆ ಒಂದೂಕಾಲು ಅಂಗುಲ. ಸಣ್ಣ ಹಿಡಿಯನ್ನು ಜಾರದಂತೆ ಹಿಡಿಯಲು ಬೆರಳುಗಳು ಪೂರ್ತಿ ಮಡಿಸಿ ಬಿಗಿಯಬೇಕು. ದಪ್ಪ ಹಿಡಿಯಾದರೆ ಅರ್ಧ ಮಡಿಸಿದರೂ ನಿಲ್ಲುತ್ತದೆ. ಮೂವತ್ತು ವರ್ಷ ಪಾಠ ಹೇಳಿದವರಿಗೆ ಈ ಲೆಕ್ಕವನ್ನು ಚಪಾತಿಯ ಹಿಟ್ಟು ಕಲಿಸಬೇಕಾಯಿತು. ಇರುವೆಗಳು ಬರುವ ಮೊದಲೇ ಅವರು ಅದನ್ನು ಅಳೆದು ಗ್ರಾಫ್ ಕಾಗದದ ಮೇಲೆ ಇಳಿಸಿದರು.

ಮರದ ವಿಷಯದಲ್ಲಿ ಮಾತ್ರ ಸಣ್ಣದೊಂದು ಭಿನ್ನಾಭಿಪ್ರಾಯ ತಲೆದೋರಿತು. ಅಟ್ಟದ ಮೇಲಿದ್ದ ಈಳಿಗೆಮಣೆಯ ಹಲಗೆಯಿಂದಲೇ ಹಿಡಿ ಮಾಡಿದರೆ ಹೇಗೆಂದು ಮೇಷ್ಟರು ಸೂಚಿಸಿದರು. ಅದು ಬಹಳ ಸೊಗಸಾದ ಆಲೋಚನೆಯೆಂದು ಅವರ ಎಣಿಕೆ. ಹೆಂಡತಿ ಒಪ್ಪಲಿಲ್ಲ. “ಅದು ಅಮ್ಮ ಕೊಟ್ಟಿದ್ದು. ಅಲ್ಲೇ ಇರಲಿ. ಅದನ್ನ ಕೊಯ್ಯಬೇಡಿ,” ಎಂದರು. ಮತ್ತೆ ಆ ಮಾತು ಬರಲಿಲ್ಲ. ಸೌದೆಯ ಕೋಣೆಯಲ್ಲಿ ಮುರಿದು ಬಿದ್ದಿದ್ದ ಹುಣಸೆ ಮರದ ಒನಕೆಯ ತುಂಡೊಂದು ಸಿಕ್ಕಿತು. ಗಟ್ಟಿಯಾದ, ಸುಲಭವಾಗಿ ಸೀಳದ ಮರ.

ಎರಡು ಹೋಳುಗಳ ಒಳಮೈಯನ್ನು ಚೆನ್ನಾಗಿ ಸಮ ಮಾಡಿ, ಅಂಟು ಹಿಡಿಯಲೆಂದು ತುಸು ಒರಟಾಗಿಸಿ, ಉಕ್ಕಿನೊಡನೆ ಬೆಸೆದು, ಒಂದು ದಿನ ಪೂರ್ತಿ ಬಿಗಿದಿಟ್ಟರು. ಒಳಗೆ ಸಂದು ಉಳಿದರೆ ನೀರು ಸೇರಿ ಉಕ್ಕು ತುಕ್ಕು ಹಿಡಿಯುತ್ತದೆ. ಹಿತ್ತಾಳೆಯ ಕಡ್ಡಿಗಳ ತಲೆಯನ್ನು ಮರದ ಮಟ್ಟಕ್ಕೆ ಉಜ್ಜಿದರು. ಆಮೇಲೆ ಐದು ದಿನ ಬೆಳಿಗ್ಗೆಯೂ ಸಂಜೆಯೂ ಅವರು ಅಡಿಗೆಮನೆಗೂ ಹಿತ್ತಲಿಗೂ ಓಡಾಡಿದರು. ಆಕೆ ಹಿಡಿದು, “ಇಲ್ಲಿ ಒತ್ತತ್ತೆ,” ಎಂದರೆ ಅಲ್ಲಿ ನಾಲ್ಕು ಸಲ ಅರ ಆಡಿಸುವುದು. ಮತ್ತೆ ತಂದು ತೋರಿಸುವುದು. ಮೆರುಗಿನ ಎಣ್ಣೆಯ ಡಬ್ಬಿ ಈ ಸಲ ಕಪಾಟಿನಲ್ಲೇ ಉಳಿಯಿತು. ಒದ್ದೆ ಕೈಗೆ ಹಿಡಿತ ಸಿಗಲೆಂದು ಮರವನ್ನು ತುಸು ಒರಟಾಗಿಯೇ ಬಿಟ್ಟು, ಅಗಸೆ ಎಣ್ಣೆಯನ್ನು ಮೂರು ಬಾರಿ ಕುಡಿಸಿದರು. ಸಿದ್ಧವಾದ ಹಿಡಿ ನೋಡಲು ಸೊಟ್ಟಗೆ, ಉಬ್ಬಿಕೊಂಡು, ಸುಟ್ಟ ಗೆಣಸಿನಂತಿತ್ತು. ಬಂದವರಿಗೆ ತೋರಿಸುವಂಥದ್ದಲ್ಲ.

ಭಾನುವಾರ ಮಾರುಕಟ್ಟೆಯಿಂದ ಅರ್ಧ ಕಿಲೋ ಹುರುಳಿಕಾಯಿ ಬಂತು. ಆಕೆ ಅರ್ಧದಷ್ಟು ಹೆಚ್ಚಿ, ಕೈ ಚಾಚಿ ಸ್ವಲ್ಪ ಹೊತ್ತು ಸುಧಾರಿಸಿಕೊಂಡು, ಉಳಿದದ್ದನ್ನೂ ಮುಗಿಸಿದರು. ನೋವು ಹೋಗಿರಲಿಲ್ಲ, ಯಾವ ಚಾಕುವೂ ಅದನ್ನು ಕಳೆಯಲಾರದು. ಈಳಿಗೆಮಣೆಯ ಕಾಲದ ವೇಗವೂ ಮರಳಿರಲಿಲ್ಲ. ಆದರೆ ತೆಂಗಿನ ತುರಿ ಉದುರಿಸಿದ ಪಲ್ಯ ಎಲೆಗೆ ಬಂದಾಗ ಹೋಳುಗಳು ಮೊದಲಿನಂತೆಯೇ ಮಣಿಮಣಿಯಾಗಿದ್ದವು. ಮೇಷ್ಟರು ಎರಡನೆಯ ಸಲ ಬಡಿಸಿಕೊಂಡರು, ಬೇರೇನೂ ಹೇಳಲಿಲ್ಲ.

ಸಂಜೆ ಸೊಸೆ ಈರುಳ್ಳಿ ಹೆಚ್ಚಲು ಹೊಸ ಚಾಕುವನ್ನು ಎತ್ತಿಕೊಂಡವಳು ಎರಡು ಹೋಳಿನಲ್ಲೇ ಕೆಳಗಿಟ್ಟಳು. “ಇದೇನು ಅತ್ತೆ, ನನ್ನ ಕೈಗೆ ಕೂರೋದೇ ಇಲ್ಲವಲ್ಲ!”

“ನಿನ್ನ ಕೈಗೆ ಯಾಕೆ ಕೂರಬೇಕು?” ಎಂದ ಅತ್ತೆ ಚಾಕುವನ್ನು ಅವಳ ಮುಂದಿನಿಂದ ತೆಗೆದುಕೊಂಡು ತೊಳೆದು ಒರಸಿದರು. ಹಿಂದೆ ಈಳಿಗೆಗೆ ಮಾಡುತ್ತಿದ್ದಂತೆ, ತುಕ್ಕು ಹಿಡಿಯದಿರಲೆಂದು ಅಲಗಿಗೆ ಒಂದು ತೊಟ್ಟು ಕೊಬ್ಬರಿ ಎಣ್ಣೆ ಸವರಿ, ತಮ್ಮ ಕೈಗೆ ಮಾತ್ರ ಎಟುಕುವ ಗೂಡಿನಲ್ಲಿಟ್ಟರು. ಅನಂತರ ಹಿತ್ತಲಿನ ಕಡೆ ತಿರುಗಿ, “ಏನೂಂದ್ರೆ,” ಎಂದು ಕರೆದರು, “ಇವಳಿಗೂ ಒಂದು ಮಾಡಿಕೊಡಿ. ಹಿಟ್ಟು ಕಲಸಿದ್ದೀನಿ.”