ಮೊದಲು ಬಿಡು, ಆಮೇಲೆ ತೆಗೆದುಕೋ

ಮಗಳು ಓಬೋ ಕಲಿಯುತ್ತೇನೆಂದಾಗ ಡೊಂಬಿವಲಿಯ ನಮ್ಮ ಎರಡು ಕೋಣೆಯ ಮನೆಯಲ್ಲಿ ಆ ಹೆಸರನ್ನೇ ಯಾರೂ ಕೇಳಿರಲಿಲ್ಲ. ಗೋವೆ ಮೂಲದ ಮಾಸ್ತರರು ತಮ್ಮ ಹಳೆಯ ವಾದ್ಯವನ್ನೇ ಎರವಲು ಕೊಟ್ಟರು. ಕಪ್ಪು ಮರದ ಕೊಳವೆ, ಬೆಳ್ಳಿಬಣ್ಣದ ಕೀಲಿಗಳು, ತುದಿಯಲ್ಲಿ ಜೊಂಡಿನ ಎರಡು ತೆಳು ಸೀಳುಗಳನ್ನು ಜೋಡಿಸಿ ಕಟ್ಟಿದ ಪೀಪಿ. ನಮಗೆ ಥಟ್ಟನೆ ಊರಿನ ಮದುವೆಯ ವಾಲಗ ನೆನಪಾಯಿತು. ನೆನಪೇನೂ ತಪ್ಪಲ್ಲ, ಶಹನಾಯಿ, ನಾಗಸ್ವರ, ಓಬೋ ಮೂರೂ ಜೋಡಿ ಪೀಪಿಯ ಒಂದೇ ಕುಲದವು.

ತೊಂದರೆ ಶುರುವಾದದ್ದು ಉದ್ದದ ಸಾಲುಗಳು ಬಂದಾಗ. ಹುಡುಗಿಯ ಮುಖ ಕೆಂಪೇರುತ್ತಿತ್ತು, ತಲೆ ಸುತ್ತುತ್ತಿತ್ತು. ನಾವಿಬ್ಬರೂ ಸರ್ವಜ್ಞರಂತೆ, "ಇನ್ನಷ್ಟು ಉಸಿರು ತುಂಬಿಕೊಳ್ಳೇ" ಎಂದು ಬೆನ್ನು ಹತ್ತಿದೆವು. ಶಾಲೆಯ ವಾರ್ಷಿಕೋತ್ಸವದ ದಿನ ಅವಳು ನಡುವೆಯೇ ನುಡಿಸುವುದನ್ನು ನಿಲ್ಲಿಸಿ ಕುಳಿತುಬಿಟ್ಟಳು. ಮನೆಗೆ ಬಂದು, "ನನ್ನ ಕೈಲಿ ಆಗೋದಿಲ್ಲ" ಎಂದಳು. ನಿಜ ಹೇಳಬೇಕೆಂದರೆ ನಮಗೆ ಸಮಾಧಾನವೇ ಆಯಿತು. ವಾದ್ಯ ಹಿಂದಿರುಗಿಸಲು ಅವಳೊಡನೆ ಹೊರಟೆವು.

ಮಾಸ್ತರರು ಪೆಟ್ಟಿಗೆಯನ್ನು ತೆಗೆದುಕೊಳ್ಳಲಿಲ್ಲ. ಒಂದು ಸಾಲು ನುಡಿಸಲು ಹೇಳಿ, "ಸಾಕಾಯಿತು ಅನ್ನಿಸಿದಾಗ ನಿನ್ನ ಎದೆ ಖಾಲಿಯೋ, ತುಂಬಿದೆಯೋ?" ಎಂದು ಕೇಳಿದರು. ಅವಳು ಯೋಚಿಸಿ, "ತುಂಬಿದೆ" ಎಂದಳು.

ಗುಟ್ಟು ಅಲ್ಲಿಯೇ ಇತ್ತು. ಕೊಳಲಿನಲ್ಲಿ ಗಾಳಿ ಬೇಗ ಮುಗಿಯುತ್ತದೆ, ಓಬೋದಲ್ಲಿ ಉಳಿದುಬಿಡುತ್ತದೆ. ಪೀಪಿಯ ಬಾಯಿ ಕೂದಲೆಳೆಯ ಬಿರುಕಿನಂಥದು. ಒತ್ತಡ ಬಹಳ ಬೇಕು, ಗಾಳಿ ಸ್ವಲ್ಪವೇ ಹೋಗುತ್ತದೆ. ಉಳಿದ ಗಾಳಿ ಎದೆಯೊಳಗೆ ಹಳಸುತ್ತದೆ, ಇಂಗಾಲದ ಡೈಆಕ್ಸೈಡ್ ಏರುತ್ತದೆ, ಉಸಿರು ಕಟ್ಟಿದಂತಾಗುತ್ತದೆ. ಅದರ ಮೇಲೆ ಮತ್ತಷ್ಟು ಎಳೆದುಕೊಂಡರೆ ಕಷ್ಟ ಹೆಚ್ಚುವುದೇ ಸರಿ. "ಮೊದಲು ಬಿಡು, ಆಮೇಲೆ ತೆಗೆದುಕೋ. ಬಿಡುವು ಚಿಕ್ಕದಾದರೆ ಒಂದು ಕಡೆ ಬಿಡು, ಮುಂದಿನ ಕಡೆ ತೆಗೆದುಕೋ" ಎಂದರು ಮಾಸ್ತರರು. ರಿಚರ್ಡ್ ಸ್ಟ್ರಾಸ್ 1945ರಲ್ಲಿ ಬರೆದ ಓಬೋ ಕಾನ್ಸರ್ಟೋದ ಆರಂಭದಲ್ಲಿ ಎರಡು ನಿಮಿಷಕ್ಕೂ ಮಿಕ್ಕಿ ವಾದಕನಿಗೆ ಪುರಸೊತ್ತೇ ಇಲ್ಲವಂತೆ. ಅಲ್ಲಿ ಈ ಲೆಕ್ಕಾಚಾರವಿಲ್ಲದೆ ಉಳಿಗಾಲವಿಲ್ಲ.

ಮರುದಿನದಿಂದ ಮನೆಯಲ್ಲಿ ಹೊಸ ಪಾಠ. ಭುಜ ಎತ್ತಕೂಡದು. ಉಸಿರೆಳೆದಾಗ ವಪೆ ಕೆಳಗಿಳಿದು ಹೊಟ್ಟೆ, ಪಕ್ಕೆ ಹಿಗ್ಗಬೇಕು. ಬಿಡುವಾಗ ಹೊಟ್ಟೆಯ ಸ್ನಾಯುಗಳು ಗಾಳಿಯನ್ನು ಒಂದೇ ಸಮನೆ ಮೇಲಕ್ಕೆ ಒತ್ತಬೇಕು. ತುಟಿ, ಗಂಟಲು ಬಿಗಿಯಬಾರದು. ಗೋಡೆಯ ಗಡಿಯಾರ ನೋಡುತ್ತ ಅವಳು 'ಸ್ಸ್' ಎಂದು ಇಪ್ಪತ್ತು ಸೆಕೆಂಡು ಸಮನಾಗಿ ಉಸಿರು ಬಿಡುತ್ತಿದ್ದಳು. ಕುಕ್ಕರು ಕೂಗಿತೆಂದು ನಾವು ಎಷ್ಟೋ ಸಲ ಅಡುಗೆಮನೆಗೆ ಓಡಿದ್ದುಂಟು!

ಆ ದಿನಗಳಲ್ಲಿ ನಮಗೊಂದು ವಿಷಯ ಹೊಳೆಯಿತು. ಊರು ಬಿಟ್ಟು ಬಂದ ನಾವು ಮಕ್ಕಳಿಗೆ ತುಂಬುವುದನ್ನು ಮಾತ್ರ ಬಲ್ಲೆವು. ಟ್ಯೂಷನ್ನು, ಕನ್ನಡ ತರಗತಿ, ಭರತನಾಟ್ಯ, ನಮ್ಮ ಕೈಗೂಡದ ಆಸೆಗಳು. ಹೊರಗೆ ಬಿಡಲು ಅವರಿಗೆ ಬಿಡುವೆಲ್ಲಿ? ಭಾನುವಾರದ ಟ್ಯೂಷನ್ನನ್ನು ನಿಲ್ಲಿಸಿದೆವು.

ಮರುವರ್ಷದ ವಾರ್ಷಿಕೋತ್ಸವದಲ್ಲಿ ಮೂರನೆಯ ಸಾಲಿನಲ್ಲಿ ಕುಳಿತಿದ್ದೆವು. ಉದ್ದದ ಸಾಲು ಬಂತು. ನಡುವಿನ ಚಿಕ್ಕ ಮೌನದಲ್ಲಿ ಅವಳು ಉಸಿರು ಬಿಟ್ಟದ್ದು ನಮಗೆ ಸ್ಪಷ್ಟವಾಗಿ ಕೇಳಿಸಿತು. ಆಗಲೇ ಗೊತ್ತಾದದ್ದು, ಅಷ್ಟು ಹೊತ್ತೂ ನಾವಿಬ್ಬರೂ ಉಸಿರು ಹಿಡಿದು ಕುಳಿತಿದ್ದೆವೆಂದು. ನಾವೂ ಬಿಟ್ಟೆವು.