ವಿಮಾನದ ಭಯ ಈಮಾನಿನ ಕೊರತೆಯೇ?

ಬಾಳ್ಳುಪೇಟೆಯವರಿಗೆ ಅಪಾಯದ ದಾರಿ ಹೊಸದಲ್ಲ. ಸಕಲೇಶಪುರ ದಾಟಿ ಶಿರಾಡಿ ಘಾಟಿಯಲ್ಲಿ ಇಳಿಯುವಾಗ, ಮಳೆಗಾಲದ ಮಂಜಿನಲ್ಲಿ ಎದುರಿನ ಟ್ಯಾಂಕರಿನ ದೀಪ ತೀರಾ ಹತ್ತಿರ ಬಂದ ಮೇಲಷ್ಟೇ ಕಾಣುತ್ತದೆ. ಗುಡ್ಡ ಕುಸಿದು ದಿನಗಟ್ಟಲೆ ರಸ್ತೆ ಮುಚ್ಚುವುದೂ ಉಂಟು. ಆದರೂ ನಮ್ಮ ಜನ ಬಸ್ಸಿನಲ್ಲಿ ನಿದ್ರಿಸುತ್ತಲೇ ಮಂಗಳೂರು ತಲುಪುತ್ತಾರೆ. ಸುಬ್ರಹ್ಮಣ್ಯದತ್ತ ಇಳಿಯುವ ರೈಲು ಮಾರ್ಗದ 57 ಸುರಂಗಗಳನ್ನು ಮಕ್ಕಳು ನಗುನಗುತ್ತಾ ಎಣಿಸುತ್ತಾರೆ. ಅದೇ ಘಾಟಿಯಲ್ಲಿ ನಿರಾತಂಕವಾಗಿ ಓಡಾಡಿದ ನಾವು, ಮದ್ರಸದಲ್ಲಿ ವರ್ಷಗಟ್ಟಲೆ ಮಕ್ಕಳಿಗೆ ಪ್ರಯಾಣದ ದುಆ ಕಂಠಪಾಠ ಮಾಡಿಸಿದ ನಾವು, ವಿಮಾನವೆಂದರೆ ಮಾತ್ರ ಒಳಗೊಳಗೇ ನಡುಗುತ್ತಿದ್ದೆವು.

ಈ ಭಯಕ್ಕೊಂದು ದಿನಾಂಕವಿದೆ. 2010ರ ಮೇ 22ರ ಬೆಳಗಿನ ಜಾವ ದುಬೈಯಿಂದ ಬಂದ ವಿಮಾನ ಬಜ್ಪೆಯಲ್ಲಿ ರನ್‌ವೇ ಮೀರಿ ಕಣಿವೆಗೆ ಉರುಳಿ ಹೊತ್ತಿ ಉರಿಯಿತು. ಅದರಲ್ಲಿದ್ದ 166 ಮಂದಿಯಲ್ಲಿ ಉಳಿದವರು ಎಂಟೇ ಜನ. ಮೃತರಲ್ಲಿ ಹೆಚ್ಚಿನವರು ಕರಾವಳಿ ಮತ್ತು ಕಾಸರಗೋಡಿನ ಕಡೆಯವರು; ಮದುವೆಗೆಂದು, ರಜೆಗೆಂದು, ಮಕ್ಕಳ ಮುಖ ನೋಡಲೆಂದು ಹೊರಟಿದ್ದವರು. ಗುರುತು ಸಿಗದ ಕೆಲವು ದೇಹಗಳನ್ನು ತಣ್ಣೀರುಬಾವಿಯ ಬಳಿ ದಫನ ಮಾಡಲಾಯಿತು. ಕರಾವಳಿಯೊಂದಿಗೆ ನಂಟುಳ್ಳ ನಮ್ಮಂಥ ಮನೆಗಳಲ್ಲಿ ಅಂದು ಒಲೆ ಹೊತ್ತಲಿಲ್ಲ. ಅಂದಿನಿಂದ ವಿಮಾನದ ಸದ್ದು ಕೇಳಿದಾಗಲೆಲ್ಲ ಕಣ್ಣಮುಂದೆ ಬರುತ್ತಿದ್ದುದು ಆ ಕಣಿವೆಯ ಹೊಗೆ. 2025ರ ಜೂನ್ 12ರಂದು ಅಹಮದಾಬಾದಿನ ದುರಂತದ ಸುದ್ದಿ ಬಂದಾಗ ಆ ಹಳೆಯ ಹೊಗೆ ಮತ್ತೆ ಎದ್ದಿತು.

ಆ ಸಮಯಕ್ಕೇ ಉಮ್ಮನವರು ಉಮ್ರಾದ ಮಾತೆತ್ತಿದರು. ಎಪ್ಪತ್ತು ದಾಟಿದ ಜೀವ, ಕಾಫಿ ತೋಟದ ಕೂಲಿಯಲ್ಲಿ ನಮ್ಮನ್ನು ಓದಿಸಿದವರು. ಕಾಳುಮೆಣಸು ಮಾರಿ ಕೂಡಿಟ್ಟ ಹಣವನ್ನು ಸೆರಗಿನಿಂದ ಬಿಚ್ಚಿ ಮುಂದಿಟ್ಟು, "ಮೋನೆ, ನಿನ್ನ ಕೈ ಹಿಡಿದೇ ಕಅಬಾ ನೋಡಬೇಕು" ಎಂದರು. ಬೇರೆ ಯಾರೊಂದಿಗೂ ಹೋಗಲೊಲ್ಲರು. ಹಡಗಿನ ದಾರಿಯಂತೂ ಇಲ್ಲ. ಮುಂಬಯಿಯಿಂದ ಜಿದ್ದಾಕ್ಕೆ ಹಜ್ಜ್ ಯಾತ್ರಿಕರನ್ನು ಒಯ್ಯುತ್ತಿದ್ದ ಹಡಗು 1995ರಲ್ಲೇ ನಿಂತಿತು.

ನಮ್ಮ ಅಂಜಿಕೆಯನ್ನು ಬಲ್ಲ ಹಿರಿಯರೊಬ್ಬರು "ಉಸ್ತಾದರೇ, ಈಮಾನ್ ಇದ್ದವರಿಗೆ ಭಯವೆಲ್ಲಿಯದು?" ಎಂದರು. ಸದುದ್ದೇಶದ ಮಾತೇ. ಆದರೆ ಇಂಥ ಮಾತು ಭಯವನ್ನು ಕಳೆಯುವುದಿಲ್ಲ, ಅದರ ಮೇಲೆ ನಾಚಿಕೆಯನ್ನೂ ಹೇರುತ್ತದೆ. ಪವಿತ್ರ ಕುರ್‌ಆನಿನಲ್ಲಿ ಸೂರಃ ತಾಹಾ ಓದಿದವರಿಗೆ ತಿಳಿದಿದೆ: ಕೋಲು ಹಾವಾದಾಗ ಮೂಸಾ(ಅ)ರಿಗೆ ಅಂಜಬೇಡ ಎಂಬ ಅಭಯ ದೊರೆಯಿತು, ಮುಂದೆ ಮಾಂತ್ರಿಕರ ಹಗ್ಗಗಳು ಹರಿದಾಡುವಂತೆ ತೋರಿದಾಗಲೂ ಅವರ ಮನದೊಳಗೆ ಭಯ ಮೂಡಿತು. ಅಲ್ಲಾಹನೊಂದಿಗೆ ಮಾತನಾಡಿದ ಪ್ರವಾದಿಗೇ ಮೂಡಿದ ಭಯವನ್ನು ಈಮಾನಿನ ಕೊರತೆಯೆಂದು ಕರೆಯಲು ನಮಗೆ ಧೈರ್ಯವಿಲ್ಲ. ಗಮನಿಸಬೇಕಾದದ್ದು, ಅವರು ಅಲ್ಲಿಂದ ಹಿಂದೆ ಸರಿಯಲಿಲ್ಲ.

ಹಾಗಾದರೆ ಭಯವೇ ಸಬೂಬಾಗಬಲ್ಲುದೇ? ಹಜ್ಜ್ ಕಡ್ಡಾಯವಾಗಲು ದಾರಿಯ ಸುರಕ್ಷೆಯೂ ಒಂದು ಷರತ್ತು. ಹಾಯಿಹಡಗಿನ ಕಾಲದ ಫಿಕ್‌ಹ್ ಪಂಡಿತರು ಕಡಲ ಪ್ರಯಾಣದ ಬಗ್ಗೆ ಇದನ್ನೇ ಚರ್ಚಿಸಿದ್ದಾರೆ: ಕ್ಷೇಮವಾಗಿ ತಲುಪುವ ಸಂಭವವೇ ಹೆಚ್ಚಾಗಿದ್ದರೆ ಹೊರಡಬೇಕು, ಮುಳುಗುವ ಸಂಭವವೇ ಹೆಚ್ಚಾಗಿದ್ದರೆ ಕಡ್ಡಾಯವಿಲ್ಲ. ಅವರು ತೂಗಿದ್ದು ಅಲೆಯ ಅಪಾಯವನ್ನು, ಎದೆಯ ನಡುಕವನ್ನಲ್ಲ. ಆ ತಕ್ಕಡಿಯಲ್ಲಿಟ್ಟು ನೋಡಿದರೆ ಇಂದಿನ ವಿಮಾನವು ನಮ್ಮ ಶಿರಾಡಿ ರಸ್ತೆಗಿಂತ ಎಷ್ಟೋ ಸುರಕ್ಷಿತ. ಉಮ್ರಾದ ವಿಧಿ ಬೇರೆಯಾದರೂ ನಮ್ಮ ಮನಸ್ಸಿಗೆ ಈ ವಿವೇಚನೆ ಸಾಕಾಯಿತು.

ಆದರೆ ಬುದ್ಧಿ ಒಪ್ಪಿದ್ದನ್ನು ಹೊಟ್ಟೆ ಒಪ್ಪುವುದಿಲ್ಲ! ಒಂಟೆಯನ್ನು ಕಟ್ಟಿಹಾಕಿದ ಬಳಿಕ ಅಲ್ಲಾಹನ ಮೇಲೆ ಭರವಸೆಯಿಡಲು ಪ್ರವಾದಿವರ್ಯರು(ಸ) ಕಲಿಸಿದ್ದು ತಿರ್ಮಿದಿಯಲ್ಲಿದೆ. ನಮ್ಮ ಹಗ್ಗ ಯಾವುದೆಂದು ಹುಡುಕಿದೆವು. ಹಾಸನದಲ್ಲಿ ಮನೋವೈದ್ಯರೊಬ್ಬರನ್ನು ಕಂಡೆವು. ಉಸಿರನ್ನು ನಿಧಾನವಾಗಿ, ಒಳಗೆಳೆದದ್ದಕ್ಕಿಂತ ದೀರ್ಘವಾಗಿ ಹೊರಬಿಡಲು ಅವರು ಕಲಿಸಿದರು. ಮೊದಲು ಚಿಕ್ಕದೊಂದು ಹಾರಾಟ ಮಾಡಿ ಬರುವಂತೆ ಹೇಳಿದರು. ವಿಮಾನದ ರೀತಿಯನ್ನೂ ಓದಿದೆವು. ಮೇಲೇರಿದ ಕೂಡಲೇ ಕೇಳುವ ಗಡಗಡ ಸದ್ದು ಚಕ್ರಗಳು ಒಳಗೆ ಮಡಚಿಕೊಳ್ಳುವುದು. ಅನಂತರ ಇಂಜಿನಿನ ಮೊರೆತ ತಗ್ಗುವುದು ಕೆಟ್ಟುಹೋದದ್ದರಿಂದಲ್ಲ, ಏರಲು ಅಷ್ಟು ಬಲ ಸಾಕಾದದ್ದರಿಂದ. ಎರಡರಲ್ಲಿ ಒಂದು ಇಂಜಿನ್ ನಿಂತರೂ ಇನ್ನೊಂದರಿಂದ ಹಾರಿ ಇಳಿಯಬಹುದು. ರೆಕ್ಕೆ ಬಾಗುವುದು ಮುರಿಯದಿರಲೆಂದೇ. ಕುಲುಕಾಟವೆಂದರೆ ಗಾಳಿಯ ಏರುಪೇರು; ರೆಕ್ಕೆಯ ಬಳಿಯ ಆಸನದಲ್ಲಿ ಅದು ಕಡಿಮೆ. ಬಜ್ಪೆ ದುರಂತದ ತನಿಖೆಯ ವಿವರವನ್ನೂ ಬಿಡಲಿಲ್ಲ: ಇಳಿಯದೆ ಮತ್ತೆ ಮೇಲೇರಬೇಕೆಂದು ಸಹಪೈಲಟ್ ಎಚ್ಚರಿಸಿದ್ದರೂ ವಿಮಾನವನ್ನು ಇಳಿಸಲಾಗಿತ್ತು. ವಿಚಿತ್ರವೆಂದರೆ ಇದನ್ನು ಓದಿದ ಮೇಲೆ ಭಯ ಹೆಚ್ಚಲಿಲ್ಲ. ಕಾರಣವೇ ಇಲ್ಲದೆ ಆಕಾಶ ಕೈಬಿಟ್ಟಿತೆಂಬ ಹಳೆಯ ಭಾವನೆ ಕರಗಿತು.

ಚಿಕ್ಕ ಹಾರಾಟಕ್ಕೆ ನಾವು ಬಜ್ಪೆಯನ್ನೇ ಆರಿಸಿಕೊಂಡೆವು. ಘಾಟಿ ಇಳಿದು ಮಂಗಳೂರಿಗೆ ಹೋಗಿ, ಅಲ್ಲಿಂದ ಬೆಂಗಳೂರಿಗೆ ಒಂದು ಗಂಟೆ ಹಾರಿ, ಮತ್ತೆ ಬಸ್ಸಿನಲ್ಲಿ ಊರಿಗೆ ಬರುವ ಈ ಸುತ್ತು ದಾರಿಗೆ ಮನೆಯವರು ನಕ್ಕರು. ಗುಡ್ಡದ ನೆತ್ತಿಯ ಆ ರನ್‌ವೇಯ ಅಂಚಿನಾಚೆ ಕಣಿವೆ ಕಂಡಾಗ ಅಂಗೈ ಬೆವರಿತು. ಅಂದು ಅಗಲಿದವರಿಗಾಗಿ ದುಆ ಮಾಡಿದೆವು. ಮುಂದಿನ ಹತ್ತು ನಿಮಿಷ ಕಣ್ಣು ಮುಚ್ಚಿಯೇ ಇದ್ದೆವು. ತೆರೆದಾಗ ಕೆಳಗೆ ಪಶ್ಚಿಮ ಘಟ್ಟದ ಹಸಿರು. ನಮ್ಮೂರು ಎಲ್ಲಿದೆಯೆಂದು ಹುಡುಕತೊಡಗಿದ್ದೆವು! ಸೂರಃ ಮುಲ್ಕ್‌ನಲ್ಲಿ ರೆಕ್ಕೆ ಬಿಚ್ಚಿ ಮಡಚುವ ಹಕ್ಕಿಗಳ ಪ್ರಸ್ತಾಪವಿದೆ. ಅವುಗಳನ್ನು ಆಗಸದಲ್ಲಿ ಹಿಡಿದಿರುವವನು ಪರಮ ದಯಾಮಯನೇ ಎಂದು. ಮಕ್ಕಳಿಗೆ ಅದೆಷ್ಟೋ ಸಲ ಬೋಧಿಸಿದ ಆ ಸೂಕ್ತದ ಅರ್ಥ ಅಂದು ನಮಗೆ ಬೇರೆಯೇ ಆಗಿ ಹೊಳೆಯಿತು.

ಬೆಂಗಳೂರಿನಿಂದ ಜಿದ್ದಾದ ದಾರಿ ಐದಾರು ಗಂಟೆ. ಭಯ ಪೂರ್ತಿ ಹೋಗಿತ್ತೆಂದು ಹೇಳಲಾರೆವು. ಕಡಲ ಮೇಲೆ ವಿಮಾನ ಕುಲುಕಿದಾಗ ಉಮ್ಮನವರ ಕೈಯನ್ನು ನಾವೇ ಹಿಡಿದುಕೊಂಡೆವು. ಅವರು ತಸ್ಬೀಹ್ ನಿಲ್ಲಿಸದೆ, "ನಮ್ಮ ಘಾಟಿ ರಸ್ತೆಯ ಹಾಗೇ ಇದೆ" ಎಂದಷ್ಟೇ ಹೇಳಿದರು. ಮೀಕಾತ್ ಸಮೀಪಿಸುತ್ತಿದೆಯೆಂಬ ಪ್ರಕಟಣೆ ಬಂದಾಗ ಇಹ್ರಾಮಿನ ಬಟ್ಟೆ ಸರಿಪಡಿಸಿಕೊಂಡು ನಿಯ್ಯತ್ ಮಾಡಿದೆವು. ಹಿಂದಿನ ಸಾಲಿನಿಂದ ಯಾರೋ ತಲ್ಬಿಯಾ ಆರಂಭಿಸಿದರು. ಸಾಲಿನಿಂದ ಸಾಲಿಗೆ ಆ ದನಿ ಹಬ್ಬುತ್ತಿದ್ದಂತೆ, ನಾವೂ ದನಿಗೂಡಿಸಿದೆವು. ಚಕ್ರಗಳು ಜಿದ್ದಾದ ನೆಲ ಮುಟ್ಟಿದ್ದು ಸದ್ದಾದ ಮೇಲಷ್ಟೇ ತಿಳಿಯಿತು.