ಅನುಮೋದನೆಯ ಹೊಣೆ

ಖಾತೆ ಪುಸ್ತಕವನ್ನು ಯಾರು ಬೇಕಾದರೂ ತೆರೆದು ನೋಡಬಹುದಾದಲ್ಲಿ ಬರೆಯುವವನ ಮನಸ್ಸೂ ನೇರವಾಗಿರುತ್ತದೆ. ನಂಜನಗೂಡಿನ ನಾಲ್ಕು ದಶಕಗಳ ವ್ಯಾಪಾರ ನನಗೆ ಕಲಿಸಿದ ಪಾಠವಿದು. ತಂತ್ರಾಂಶ ರಚಿಸುವವರು ಬಳಸುವ ಈಮ್ಯಾಕ್ಸ್ ಎಂಬ ಹಳೆಯ ಸಾಧನಕ್ಕೂ ಈ ಮಾತು ಸಲ್ಲುತ್ತದೆಂಬುದು ಈಚೆಗೆ ನನ್ನ ಅರಿವಿಗೆ ಬಂದಿತು.

ಈಮ್ಯಾಕ್ಸ್ ಎಂದರೆ ಬರಹವನ್ನು ಬರೆದು ತಿದ್ದುವ ತಂತ್ರಾಂಶ. ಅದು 1976ರಲ್ಲಿ ಅಮೆರಿಕದ ಎಂಐಟಿಯ ಕೃತಕ ಬುದ್ಧಿಮತ್ತೆ ಪ್ರಯೋಗಾಲಯದಲ್ಲಿ ಹುಟ್ಟಿತು. 1985ರಲ್ಲಿ ರಿಚರ್ಡ್ ಸ್ಟಾಲ್ಮನ್ ಅವರು ಗ್ನೂ ಈಮ್ಯಾಕ್ಸ್ ಎಂಬ ರೂಪದಲ್ಲಿ ಅದನ್ನು ಸಾರ್ವಜನಿಕರಿಗೆ ಕೊಟ್ಟರು. ಯಾವುದೇ ಕೀಲಿಯನ್ನು ಕುರಿತು 'ನಿನ್ನ ಕೆಲಸವೇನು?' ಎಂದು ವಿಚಾರಿಸಿದರೆ, ಅದು ವಿವರಣೆಯನ್ನೂ ಅದರ ಹಿಂದಿರುವ ಮೂಲ ಬರಹವನ್ನೂ ತೋರಿಸುತ್ತದೆ. ಬಳಸುವವನು ತನ್ನ ಅಗತ್ಯಕ್ಕೆ ತಕ್ಕಂತೆ ಅದನ್ನು ತಿದ್ದಿಕೊಳ್ಳಬಹುದು, ಇತರರಿಗೆ ಹಂಚಬಹುದು. ಹಂಚುವಾಗ ಮೂಲ ಬರಹವನ್ನೂ ಅದೇ ಸ್ವಾತಂತ್ರ್ಯದೊಡನೆ ಕೊಡಬೇಕೆಂಬುದು ಅದರ ಪರವಾನಗಿಯ ನಿಯಮ. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದ ದಾನಚಿಂತಾಮಣಿ ಅತ್ತಿಮಬ್ಬೆಯ ನಾಡಿನವರಾದ ನಮಗೆ ಇಂತಹ ಶಾಸ್ತ್ರದಾನದ ಭಾವ ಅಪರಿಚಿತವಲ್ಲ.

ಈಗ ಈ ಹಳೆಯ ಸಾಧನದೊಳಕ್ಕೂ ಕೃತಕ ಬುದ್ಧಿಮತ್ತೆ ಬಂದಿದೆ. ಕಾರ್ತಿಕ್ ಚಿಕ್ಕಮಗಳೂರು ಎಂಬವರು ರಚಿಸಿದ 'ಜಿಪಿಟೆಲ್' ಎಂಬ ಜೋಡಣೆಯಿಂದ, ಬರೆಯುತ್ತಿರುವ ಪುಟದಲ್ಲಿಯೇ ಯಂತ್ರಕ್ಕೆ ಪ್ರಶ್ನೆ ಹಾಕಿ ಉತ್ತರ ಪಡೆಯಬಹುದು. ದೂರದ ಕಂಪನಿಯ ಯಂತ್ರವನ್ನೂ ಕೇಳಬಹುದು. ತನ್ನದೇ ಗಣಕದಲ್ಲಿ ಇರಿಸಿಕೊಂಡ ಮಾದರಿಯನ್ನೂ ಕೇಳಬಹುದು.

ಟಿ. ನರಸೀಪುರದಲ್ಲಿರುವ ನನ್ನ ಸೋದರಳಿಯನು ಒಂದು ಬಸದಿಯ ದೇಣಿಗೆ ಲೆಕ್ಕಕ್ಕಾಗಿ ಹೀಗೆಯೇ ಒಂದು ಚಿಕ್ಕ ತಂತ್ರಾಂಶವನ್ನು ಸಿದ್ಧಪಡಿಸಿದನು. ಗುಪ್ತದಾನ ಮಾಡಿದವರ ಹೆಸರುಗಳು ಹೊರಗೆ ಹೋಗಬಾರದೆಂದು ತನ್ನ ಗಣಕದಲ್ಲಿದ್ದ ಮಾದರಿಯನ್ನೇ ಬಳಸಿದನು. ಯಂತ್ರವು ಕ್ಷಣಾರ್ಧದಲ್ಲಿ ನಲವತ್ತು ಸಾಲು ಬರೆದುಕೊಟ್ಟಿತು. ಅವನು ಒಂದೊಂದೇ ಸಾಲನ್ನು ಓದುತ್ತ ಒಂದೆಡೆ ನಿಂತನು. ಮಾರ್ಚ್ 31ರವರೆಗೆ ಎನ್ನುವಲ್ಲಿ ಯಂತ್ರವು ಆ ದಿನವನ್ನೇ ಬಿಟ್ಟಿತ್ತು. ಆ ದಿನದ ರಶೀದಿಗಳೆಲ್ಲ ಮುಂದಿನ ವರ್ಷಕ್ಕೆ ಸೇರುತ್ತಿದ್ದವು. ಎರಡು ವರ್ಷಗಳ ಒಟ್ಟು ಮೊತ್ತ ಸರಿಯಾಗಿಯೇ ಇರುತ್ತಿದ್ದುದರಿಂದ ಮೇಲುನೋಟಕ್ಕೆ ತಪ್ಪು ಕಾಣುತ್ತಿರಲಿಲ್ಲ.

"ಓದದೆ ಒಪ್ಪಿಕೊಂಡಿದ್ದರೆ ಈ ತಪ್ಪು ಯಾರದಾಗುತ್ತಿತ್ತು, ಮಾವ? ಬರೆದದ್ದು ನಾನಲ್ಲವಲ್ಲ" ಎಂದು ಅವನು ಕೇಳಿದನು.

"ಬರೆದದ್ದು ಯಂತ್ರವಾದರೂ ಬರೆಸಿದವನು ನೀನು, ಒಪ್ಪುವವನೂ ನೀನೇ ಅಲ್ಲವೇನಪ್ಪ?" ಎಂದೆನು.

ಉತ್ತರವನ್ನು ನಾನು ಹೊಸದಾಗಿ ಹುಡುಕಬೇಕಾಗಿರಲಿಲ್ಲ. ಕೃತ, ಕಾರಿತ, ಅನುಮೋದಿತ ಎಂದು ನಮ್ಮ ಹಿರಿಯರು ಕರ್ಮವನ್ನು ವಿಂಗಡಿಸಿದ್ದಾರೆ. ತಾನೇ ಮಾಡಿದ್ದು, ಇತರರಿಂದ ಮಾಡಿಸಿದ್ದು, ಮಾಡಿದ್ದನ್ನು ಒಪ್ಪಿದ್ದು, ಈ ಮೂರಕ್ಕೂ ಮನುಷ್ಯನು ಹೊಣೆಗಾರನೇ. ಯಂತ್ರಕ್ಕೆ ರಾಗದ್ವೇಷಗಳಿಲ್ಲ, ಲಾಭನಷ್ಟಗಳೂ ಇಲ್ಲ. ಆದುದರಿಂದ ಪಾಲು ಹಂಚಿಕೊಳ್ಳಲು ಅದು ನಮ್ಮ ಪಾಲುದಾರನಲ್ಲ. ಮೊದಲು ಗುಮಾಸ್ತನು ಬರೆದ ಲೆಕ್ಕಕ್ಕೆ ಯಜಮಾನನು ಸಹಿ ಹಾಕುತ್ತಿದ್ದನು. ಗುಮಾಸ್ತನಾದರೋ ಕೇಳಿದರೆ ಕಾರಣ ಹೇಳಿ, ತಪ್ಪಿದ್ದರೆ ತಲೆ ತಗ್ಗಿಸುತ್ತಿದ್ದನು. ಯಂತ್ರವು ಕಾರಣವನ್ನೇನೋ ಹೇಳೀತು, ತಲೆ ತಗ್ಗಿಸಲಾರದು.

ಆದುದರಿಂದಲೇ ಈ ಕಾಲದಲ್ಲಿ ಒಳಗನ್ನು ತೋರಿಸುವ ಸಾಧನಗಳ ಬೆಲೆ ಹೆಚ್ಚಾಗಿದೆ. ಓದಲು ಬಾರದಂತೆ ಮುಚ್ಚಿಟ್ಟದ್ದನ್ನು ಪರೀಕ್ಷಿಸಿ ಒಪ್ಪುವುದಾದರೂ ಹೇಗೆ? ನಮ್ಮ ಟ್ರಸ್ಟುಗಳವರು ಈಮ್ಯಾಕ್ಸನ್ನೇ ಕಲಿಯಬೇಕೆಂದು ನಾನು ಹೇಳುತ್ತಿಲ್ಲ, ಅದು ಕಷ್ಟಸಾಧ್ಯ. ಆದರೆ ಲೆಕ್ಕದ ತಂತ್ರಾಂಶವನ್ನು ಕೊಳ್ಳುವ ಮುನ್ನ ಮೂರು ಪ್ರಶ್ನೆಗಳನ್ನು ಕೇಳುವುದು ಒಳಿತು. ನಮ್ಮ ಲೆಕ್ಕವನ್ನು ಬೇರೆ ತಂತ್ರಾಂಶದಲ್ಲಿಯೂ ತೆರೆಯಬಹುದೆ? ದಾನಿಗಳ ಹೆಸರುಗಳು ಎಲ್ಲಿಗೆ ಹೋಗುತ್ತವೆ? ಯಂತ್ರ ಬರೆದುದನ್ನು ಒಪ್ಪುವ ಮೊದಲು ಓದಿದವರು ಯಾರು? ಮೂರನೆಯ ಪ್ರಶ್ನೆಗೆ ಒಬ್ಬ ಮನುಷ್ಯನ ಹೆಸರು ಉತ್ತರವಾಗಿ ಬರಲೇಬೇಕು.